ಕಾಜದಕ್ಕನ ಉಸಿರು

ಮಗನ ಹೊಸ ಜೀನ್ಸ್ ಪ್ಯಾಂಟನ್ನು ಮೊದಲ ಸಲ ನೀರಿಗೆ ಹಾಕಿದ್ದೆ. ಬಕೆಟ್ಟಿನ ನೀರೆಲ್ಲ ನೀಲಿಯಾಯಿತು. ಗಂಜಿ, ಬಣ್ಣ, ಹೊಸ ಬಟ್ಟೆ ಎಲ್ಲ ಬೆರೆತ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಮಡಕಶಿರದ ನಮ್ಮ ಬಚ್ಚಲಲ್ಲಿ ಕೂತವಳು ರಾಯದುರ್ಗದ ಆ ಜೀನ್ಸ್ ಹೊಲಿಯುವ ಶೆಡ್ಡಿನ ಜಗಲಿಗೆ ಹೋಗಿಬಿಟ್ಟೆ. ಮೆಟ್ಟಿಲ ಮೇಲೆ ಕಾಜದಕ್ಕ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು...

ಕರೋನಾಕ್ಕೂ ಮುಂಚಿನ ಮಾತು. ಒಂದು ಸಂಶೋಧನೆಯಲ್ಲಿ ನನಗೆ ಹಂಗಾಮಿ ಕೆಲಸ ಸಿಕ್ಕಿತ್ತು. ಬಟ್ಟೆಯ ಧೂಳು ಜೀನ್ಸ್ ಹೊಲಿಯುವ ಹೆಂಗಸರ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ತಿಳಿಯಬೇಕಿತ್ತು. ಆಂಧ್ರದ ಊರಾದ್ದರಿಂದ ತೆಲುಗಿನಲ್ಲಿ ಅಚ್ಚಾಗಿದ್ದ ಪ್ರಶ್ನೆಗಳನ್ನು ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಎತ್ತರ ತೂಕ ಬರೆದು, ನಂಬರಿನ ಚೀಟಿ ಕೊಟ್ಟು ಪರದೆಯ ಹೊರಗಿನ ಸಾಲಿಗೆ ಕಳಿಸುತ್ತಿದ್ದೆ. ಒಳಗೆ ಬೇರೆ ಊರಿಂದ ಬಂದ ಟೆಕ್ನಿಷಿಯನ್ ಒಬ್ಬರು ರಟ್ಟಿನ ಕೊಳವೆ ಕೊಟ್ಟು ಯಂತ್ರಕ್ಕೆ ಊದಿಸುತ್ತಿದ್ದರು. ಅವರಿಗೆ ಗೊತ್ತಾಗುತ್ತಿದ್ದದ್ದು ಚೀಟಿಯ ನಂಬರು ಮಾತ್ರ. ಮುಖಕ್ಕೆ ಸೆರಗು ಸುತ್ತಿಕೊಂಡ ಹೆಂಗಸರಲ್ಲಿ ಯಾರು ಯಾರೆಂದು ಅವರಿಗೇನು ಗೊತ್ತು!

ಗುಂಡಿ ಹೋಗುವ ತೂತಿನ ಸುತ್ತ ದಾರ ಹಾಕುವ ಕಾಜದ ಮಷೀನು ಅವಳದು. ಅದಕ್ಕೇ ಇಡೀ ಶೆಡ್ಡಿಗೆ ಅವಳು ಕಾಜದಕ್ಕ. ನಲವತ್ತು ದಾಟಿತ್ತು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ನಾನು ಮಡಕಶಿರದ ಕಡೆಯ ಅಗಳಿಯವಳು ಎಂದು ಗೊತ್ತಾದಂದಿನಿಂದ ನನ್ನ ಮಾತನ್ನು ಅಣಕಿಸುವುದೇ ಅವಳಿಗೆ ಆಟವಾಯಿತು. "ಬನ್ನಿ ಅಂತಾರವ್ವ ಇವರು, ಬರ್ರಿ ಅನ್ನಾಕ ಬಾಯಿ ತಿರುಗಂಗಿಲ್ಲ!" ಅವಳ ಪಕ್ಕದ ಮಷೀನಿನಲ್ಲಿ ಅವಳ ನಾದಿನಿ ಕೂರುತ್ತಿದ್ದಳು. ಸಣಕಲು ಹೆಂಗಸು, ಮಾತು ಕಮ್ಮಿ, ಕೆಮ್ಮು ಜಾಸ್ತಿ. ಕೆಮ್ಮಿ ಬಾಯಿ ಒರೆಸಿಕೊಂಡರೆ ಸೆರಗಿನ ತುದಿ ನೀಲಿಯಾಗುತ್ತಿತ್ತು. ಮಕ್ಕಳಿಲ್ಲದ ಕಾಜದಕ್ಕ ಆ ನಾದಿನಿಯನ್ನು ಲಂಗ ಹಾಕುವ ವಯಸ್ಸಿನಿಂದ ಸಾಕಿ ಬೆಳೆಸಿದ್ದಳು.

ಊದಿಸುವ ದಿನ ಮಾಲೀಕರು ಜಗಲಿ ಬಿಟ್ಟುಕೊಟ್ಟರು, ಕುರ್ಚಿ ಕೊಟ್ಟರು, ತಾವೂ ನನ್ನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತರು. "ನಿಮ್ಮ ಪರೀಕ್ಷೆಯ ವಿಷಯ ಯಾರಿಗೂ ತಿಳಿಸುವುದಿಲ್ಲ" ಎಂದು ನಾನು ಒಬ್ಬೊಬ್ಬರಿಗೂ ಓದಿ ಹೇಳಿದೆ. ಮಾಲೀಕರು ಕೇಳುತ್ತಾ ಕೂತಿರುವಾಗ ಆ ಮಾತನ್ನು ಯಾರು ನಂಬುತ್ತಾರೆ? ನಾನಾಗಿದ್ದರೂ ನಂಬುತ್ತಿರಲಿಲ್ಲ. ಅಂದು ಇದು ನನಗೆ ಹೊಳೆಯಲಿಲ್ಲ. ಸಂಜೆಯೊಳಗೆ ಎಲ್ಲರದೂ ಮುಗಿಯಬೇಕು ಎಂಬ ಗಡಿಬಿಡಿಯೇ ನನಗೆ.

ಮಧ್ಯಾಹ್ನ ನೋಡಿದರೆ ಕಾಜದಕ್ಕ ಮೆಟ್ಟಿಲ ಮೇಲೆ ಕೂತಿದ್ದಾಳೆ, ಕಣ್ಣು ಕತ್ತಲೆ ಬರುತ್ತಿದೆ ಎನ್ನುತ್ತಿದ್ದಾಳೆ. ಬೆಲ್ಲದ ನೀರು ಕೊಟ್ಟೆ. "ಏನಕ್ಕಾ, ಮಷೀನೇ ಒಡೆದುಹೋಗೋ ಹಂಗೆ ಊದಿದ್ರಾ?" ಎಂದು ನಕ್ಕೆ. "ಒಲಿ ಊದಿ ಊದಿ ಪಳಗಿದ ಬಾಯಿ ರೀ ನಂದು" ಎಂದು ಅವಳೂ ನಕ್ಕಳು.

ತಿಂಗಳ ಮೇಲೆ ಎಲ್ಲರಿಗೂ ಫಲಿತಾಂಶದ ಚೀಟಿ ಹಂಚಿದೆ. ನಾದಿನಿಯದೂ 'ನಾರ್ಮಲ್'. ಶೆಡ್ಡಿನವರ ಉಸಿರು ಚೆನ್ನಾಗಿದೆ ಎಂಬ ನಮ್ಮ ಪತ್ರಕ್ಕೆ ಮಾಲೀಕರು ಕಟ್ಟು ಹಾಕಿಸಿ ಲಕ್ಷ್ಮಿ ಪಟದ ಪಕ್ಕ ನೇತುಹಾಕಿದರು.

ಎಂಟು ತಿಂಗಳು ಕಳೆದಿರಬೇಕು... ಒಂದು ಬೆಳಿಗ್ಗೆ ಕಾಜದಕ್ಕ ನಮ್ಮ ಆಫೀಸಿಗೆ ಬಂದಳು. ಅಣಕವಿಲ್ಲ, ನಗುವಿಲ್ಲ. ನಾದಿನಿಯ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಇದು ಅಕೀದಲ್ರಿ. ಅವತ್ತ ಅಕಿ ಚೀಟಿ ಹಿಡಕೊಂಡು ನಾನಾ ಹೋಗಿ ಊದೀನಿ. ಕೆಮ್ಮಿದ್ದ ಇನ್ನ ಮೂರು ಮಂದೀದೂ ನಾನಾ ಊದೀನಿ. ನಪಾಸಾದ್ರ ಕೆಲಸ ಬಿಡಸ್ತಾರಂತ ಅಂಜಿದ್ರು. ಈಗ ದವಾಖಾನ್ಯಾಗ ಈ ಚೀಟಿ ನೋಡಿ, ನಿನ್ನ ಎದಿ ಚಲೋ ಐತಿ ಅಂತ ಕೆಮ್ಮಿನ ಔಷಧ ಕೊಟ್ಟು ಕಳಸ್ತಾರ. ಊದಿದಾಕಿ ನಾನು ಅಂದ್ರ ನಗ್ತಾರ."

"ಹಿಂಗ್ಯಾಕೆ ಮಾಡಿದ್ರಕ್ಕಾ? ನನಗೊಂದು ಮಾತು ಹೇಳಬಾರ್ದಿತ್ತಾ?"

"ಸಾವ್ಕಾರ್ರು ನಿಮ್ಮ ಬಗಲಾಗ ಕುಂತಿದ್ರಲ್ರೀ... ಮಷೀನು ಇನ್ನೊಂದು ಸಲ ತರಸ್ರಿ. ಈ ಸಲ ಅಕೀನಾ ಊದ್ತಾಳ."

ಅವಳ ಎದುರಿಗೇ ನಮ್ಮ ಸಾರಿಗೆ ಫೋನು ಮಾಡಿದೆ. ಸಂಶೋಧನೆಯ ಮುಖ್ಯಸ್ಥರು ಅವರು, ಕೆಟ್ಟವರೇನಲ್ಲ. ಯಂತ್ರ ವಾಪಸ್ಸು ಹೋಗಿದೆ, ಯೋಜನೆ ಮುಗಿದಿದೆ, ಲೇಖನ ಅಚ್ಚಿಗೆ ಹೋಗಿದೆ ಎಂದರು. ಒಬ್ಬರ ಬಾಯಿಮಾತು ನಂಬಿ ನಂಬರು ತಿದ್ದಿದರೆ ನಾಳೆ ಯಾರೂ ನಮ್ಮನ್ನು ನಂಬುವುದಿಲ್ಲ ಎಂದೂ ಹೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ಎದುರು ಕೂತವಳ ಮಾತು ನಿಜವಾಗಿತ್ತು. ಅದೇ ತಿಂಗಳು ಮುಂದಿನ ಯೋಜನೆಗೆ ನನ್ನನ್ನು ಉಳಿಸಿಕೊಳ್ಳುವ ಕಾಗದ ಅವರ ಸಹಿಗೆ ಹೋಗಿತ್ತು. ಫೋನಿಟ್ಟು, "ನೋಡೋಣ ಅಕ್ಕಾ" ಎಂದೆ. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲೂ ಇಂಥದೇ ಯಂತ್ರ ಇರುತ್ತದೆ, ಚೀಟಿ ತೋರಿಸದೆ ಕರೆದುಕೊಂಡು ಹೋಗಿ ಎಂದು ಹೇಳಿದೆ. ನಾನೂ ಬರುತ್ತೇನೆ ಎನ್ನಬಹುದಿತ್ತು... ಅನ್ನಲಿಲ್ಲ.

ಕಾಜದಕ್ಕ ಒಬ್ಬಳೇ ಕರೆದುಕೊಂಡು ಹೋದಳು. ಅಲ್ಲಿ ನಾದಿನಿ ತನ್ನ ಬಾಯಿಂದಲೇ ಊದಿದಳು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಡಾಕ್ಟರು ಬೈದರಂತೆ. ಉಗಾದಿಗೆ ಮುಂಚೆಯೇ ನಾದಿನಿ ತೀರಿಕೊಂಡಳು.

ಕಾಜದಕ್ಕನನ್ನು ಮಾತಾಡಿಸಲು ಹೋದೆ. ಹೋಗದಿದ್ದರೆ ಆಗುತ್ತಿತ್ತು ಎಂದು ಬಾಗಿಲಲ್ಲೇ ಅನ್ನಿಸಿತು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಕಾಜದಕ್ಕ ನನಗೆ ಚಾಪೆ ಹಾಕಿ, ಕುಡಿಯಲು ನೀರು ಕೊಟ್ಟಳು. ಇಷ್ಟೇ ಹೇಳಿದಳು: "ನನ್ನ ಉಸಿರು ಅಕಿಗೆ ಹೋಗಿದ್ರ ಚಲೋ ಇತ್ತು ನೋಡ್ರಿ. ನಿಮ್ಮ ಕಾಗದದ ಹಾಳಿಗೆ ಹೋತು."

ಆಮೇಲೆ ನಾನು ಆ ಕೆಲಸ ಬಿಟ್ಟೆ. ಬಿಟ್ಟಿದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ. ಹೋದ ವರ್ಷ ರಾಯದುರ್ಗಕ್ಕೆ ಹೋದಾಗ ಹುಡುಕಿದೆ. ಆ ಶೆಡ್ಡಿನಲ್ಲಿ ಈಗ ಸಿಮೆಂಟು ಚೀಲ ಇಟ್ಟಿದ್ದಾರೆ. ಕಾಜದಕ್ಕ ಮನೆ ಖಾಲಿ ಮಾಡಿ ಯಾವ ಊರಿಗೆ ಹೋದಳೋ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪ್ಯಾಂಟನ್ನು ಮೂರು ಸಲ ಜಾಲಿಸಿದೆ. ಇನ್ನೂ ನೀಲಿ ಬಿಡುತ್ತಿತ್ತು, ಹಾಗೇ ಹಿಂಡಿ ಹರವಿದೆ. ಒಣಗಲು ಬಿಟ್ಟ ಪ್ಯಾಂಟಿನ ಸೊಂಟದಲ್ಲಿ ಕಾಜ ಕಾಣುತ್ತಿತ್ತು, ಯಾರು ಹಾಕಿದ್ದೋ... ಅಚ್ಚಾದ ಆ ಲೇಖನ ನನ್ನ ಬೀರುವಿನಲ್ಲಿ ಇನ್ನೂ ಇದೆ. ಕೊನೆಯಲ್ಲಿ ಕೃತಜ್ಞತೆ ಹೇಳಿದ ಕಡೆ ನನ್ನ ಹೆಸರೂ ಇದೆ. ಅದರಲ್ಲಿ ಮಾತ್ರ ಕಾಜದಕ್ಕನ ನಾದಿನಿಯ ಎದೆ ಇವತ್ತಿಗೂ ಗಟ್ಟಿಯಾಗಿದೆ.