ಹೆಸರು ಹೇಳಲಾಗದ ಎಲುಬು

ತಲೆನೋವಿಗೆ ಒಂದು ಮರ್ಯಾದೆಯಿದೆ. ಹಣೆಗೆ ಬಟ್ಟೆ ಕಟ್ಟಿಕೊಂಡು ಪಡಸಾಲೆಯಲ್ಲಿ ಮಲಗಿದರೆ ಬಂದವರೆಲ್ಲ ವಿಚಾರಿಸಿಕೊಂಡು ಹೋಗುತ್ತಾರೆ. ಹಲ್ಲುನೋವಿಗೆ ಊದಿದ ಕೆನ್ನೆಯೇ ಸಾಕ್ಷಿ ನುಡಿಯುತ್ತದೆ. ಮೊಣಕಾಲಿನ ನೋವಂತೂ ವಯಸ್ಸು ತಂದುಕೊಟ್ಟ ಬಿರುದು. ಅದನ್ನು ಹೇಳಿಕೊಳ್ಳುವವರ ದನಿಯಲ್ಲಿ ಸಣ್ಣದೊಂದು ಹೆಮ್ಮೆಯನ್ನೂ ನಾನು ಕೇಳಿದ್ದೇನೆ. ಆದರೆ ಬೆನ್ನುಮೂಳೆಯು ಇಳಿಯುತ್ತ ಇಳಿಯುತ್ತ ಕಟ್ಟಕಡೆಗೆ ಎಲ್ಲಿ ಮುಗಿಯುತ್ತದೆಯೋ, ನಾವು ಕುಳಿತಾಗ ಭೂಮಿಗೂ ನಮಗೂ ನಡುವೆ ಮಧ್ಯಸ್ಥಿಕೆ ವಹಿಸುವ ಒಂದು ಪುಟ್ಟ ಎಲುಬು ಎಲ್ಲಿದೆಯೋ, ಅಲ್ಲಿ ನೋವು ಕಾಣಿಸಿಕೊಂಡರೆ ಸಭ್ಯಸ್ಥನ ನಾಲಿಗೆ ಕಟ್ಟಿಹೋಗುತ್ತದೆ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಘನವಾದ ಸಂಸ್ಕೃತ ನಾಮಧೇಯ ಇದ್ದೀತು. ನಮ್ಮ ಸೀಮೆಯಲ್ಲಿ ಅದಕ್ಕಿರುವ ಹೆಸರನ್ನು ನಾಲ್ಕು ಜನರ ಎದುರಿಗೆ ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ನನ್ನ ತಂಗಿಯ ಮದುವೆ ಕೈತಪ್ಪಿ ಹೋಗುವುದರಲ್ಲಿತ್ತು.

ಆಗ ನಾನು ಯಲಬುರ್ಗಾದಲ್ಲಿ, ನಿಜಾಮ ಸರ್ಕಾರದ ಒಂದು ಸಣ್ಣ ಕಚೇರಿಯಲ್ಲಿ, ನಕಲು ಬರೆಯುವ ಗುಮಾಸ್ತನಾಗಿದ್ದೆ. ಮಹಾಯುದ್ಧ ನಡೆದಿತ್ತು. ಕಾಳುಕಡಿಗೆ ಕಂಟ್ರೋಲು ಬಂದು, ಹಳ್ಳಿಹಳ್ಳಿಯ ಮನೆಮನೆಯ ಜನರ ಹೆಸರಿನ ಪಟ್ಟಿಗಳನ್ನು ಉರ್ದುವಿನಲ್ಲಿ ಮೂರು ಮೂರು ಪ್ರತಿ ಬರೆಯಬೇಕಾಗಿತ್ತು. ಯುದ್ಧ ಸಮುದ್ರದಾಚೆ ಎಲ್ಲಿ ನಡೆದಿದ್ದರೂ ಅದರ ಒಂದು ಪೆಟ್ಟು ನೆಟ್ಟಗೆ ಬಂದು ನನಗೆ ಬಿದ್ದದ್ದು ಹೀಗೆ. ಕೆಳಗೆ ಹಾಸುಗಲ್ಲಿನ ನೆಲ, ಅದರ ಮೇಲೆ ತೆಳ್ಳನೆಯ ಚಾಪೆ, ಎದುರಿಗೆ ಓರೆ ಹಲಗೆಯ ಗಿಡ್ಡ ಡೆಸ್ಕು. ಬೆಳಿಗ್ಗೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಹೊತ್ತು ಇಳಿಯುವ ತನಕ ಆ ಪೀಠ ಬಿಡುವಂತಿರಲಿಲ್ಲ. ದೊಡ್ಡ ಪದವಿಯನ್ನು ಪೀಠವೆಂದು ಕರೆದವರು ನನ್ನ ಪೀಠವನ್ನು ನೋಡಿರಲಾರರು. ಹೊಲ ಮನೆಗಳೇನೂ ಇಲ್ಲದ ನನ್ನ ಆಸ್ತಿಯೆಲ್ಲ ಒಂದೇ ಒಂದು ಅಸ್ಥಿಯ ಮೇಲೆ ಕುಳಿತಿತ್ತೆಂದರೆ ಅದು ಬರೀ ಶಬ್ದಚಮತ್ಕಾರವಲ್ಲ.

ಮೊದಮೊದಲು ಸಂಜೆಯ ಹೊತ್ತಿಗೆ ಅಲ್ಲಿ ಮಂದವಾಗಿ ಉರಿಯುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಕುಳಿತ ಕೂಡಲೇ ನೋಯತೊಡಗಿತು. ಕುಳಿತಲ್ಲಿಂದ ಏಳುವಾಗ ಯಾರೋ ದಬ್ಬಣದಿಂದ ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಹೆಂಡತಿ ನೀಲವ್ವ ಕೇಳಿದಳು: "ಎಲ್ಲಿ ನೋಯ್ತೈತ್ರಿ?"

"ಸೊಂಟಾ," ಎಂದೆ.

ಸುಳ್ಳೂ ಅಲ್ಲ, ನಿಜವೂ ಅಲ್ಲ. ಗೇಣು ಮೇಲೆ ಹೇಳಿದೆ, ಅಷ್ಟೆ. ಅವಳು ದಿನಾ ಸಂಜೆ ಉಪ್ಪಿನ ಗಂಟು ಕಾಯಿಸಿ, ಏನೂ ಆಗದಿದ್ದ ನನ್ನ ಸೊಂಟಕ್ಕೆ ಶ್ರದ್ಧೆಯಿಂದ ಶಾಖ ಕೊಟ್ಟಳು. ಊರಿನ ಹಕೀಮರಿಗೂ ಸೊಂಟವೆಂದೇ ಹೇಳಿದೆ. ಅವರು ಸೊಂಟಕ್ಕೆ ಕಪ್ಪು ಪಟ್ಟು ಹಾಕಿದರು. ಹೀಗೆ ನನ್ನ ನೋವು ಕೆಳಗೆ ನೋಯುತ್ತ, ನನ್ನ ಔಷಧ ಮೇಲೆ ನಡೆಯುತ್ತ, ಒಂದಕ್ಕೊಂದು ಭೇಟಿಯಾಗದೆ ಎಂಟು ಹತ್ತು ತಿಂಗಳು ಕಳೆದವು.

ಅಷ್ಟರಲ್ಲಿ ತಂಗಿ ಗೌರವ್ವನಿಗೆ ಕುಷ್ಟಗಿಯ ಕಡೆಯಿಂದ ಸಂಬಂಧ ಬಂತು. ತಂದೆ ತಾಯಿ ಇಲ್ಲದ ನಮಗೆ ನಾನೇ ಹಿರಿಯ. ಹಿಂದೆ ಬಂದ ಎರಡು ಸಂಬಂಧಗಳನ್ನು ಅವಳು ಅತ್ತು ಅತ್ತು ಬಿಡಿಸಿದ್ದಳು. ಈ ಹುಡುಗನನ್ನು ಗಂಗಾವತಿಯಲ್ಲಿ ನಡೆದ ನೆಂಟರ ಮದುವೆಯಲ್ಲಿ ಕಂಡಿದ್ದಳಂತೆ. ನೀಲವ್ವ ನನ್ನನ್ನು ಪಕ್ಕಕ್ಕೆ ಕರೆದು, "ಈ ಸಲ ಆಕಿ ಒಪ್ಯಾಳ್ರಿ. ಬಾಯಿಲೆ ಹೇಳಿಲ್ಲ, ಹೂಂ ಅಂತ ತಲಿ ಹಾಕ್ಯಾಳ. ಇದನ್ನ ಹೆಂಗರ ಮಾಡಿ ಕೂಡಿಸಿಕೊಂಡ ಬರ್ರಿ," ಎಂದಳು.

ನಾನು ಮತ್ತು ನಮ್ಮ ಸೋದರಮಾವ ಬಾಡಿಗೆ ಚಕ್ಕಡಿಯಲ್ಲಿ ನಸುಕಿಗೆ ಹೊರಟೆವು. ಎರೆನೆಲದ ದಾರಿ, ಗಾಲಿಯ ಜಾಡು ಒಣಗಿ ಕಲ್ಲಾಗಿತ್ತು. ಒಂದು ಹರದಾರಿ ಹೋಗುವುದರೊಳಗೆ ನಾನು ಕೆಳಗಿಳಿದು ಚಕ್ಕಡಿಯ ಹಿಂದೆ ನಡೆಯತೊಡಗಿದೆ. ಮಾವ ಒಳಗಿನಿಂದ ಇಣುಕಿದ.

"ಯಾಕೋ, ಹೇಮಗುಡ್ಡದ ದುರ್ಗವ್ವಗ ನಡಕೋತ ಬರ್ತೀನಂತ ಹರಕಿ ಹೊತ್ತೀಯೇನು? ಆ ಗುಡ್ಡಾ ಈ ದಿಕ್ಕಿಗೆ ಇಲ್ಲಲ್ಲೋ!"

"ಸೊಂಟಾ ಹಿಡದೈತಿ ಮಾವಾ, ನಡದ್ರ ಹಗುರಾಗ್ತೈತಿ," ಎಂದೆ. ಅರ್ಧಕ್ಕಿಂತ ಹೆಚ್ಚು ದಾರಿಯನ್ನು ನಡೆದೇ ಸವೆಸಿದೆ.

ಹುಡುಗನ ತಂದೆ ಬಸವಂತಪ್ಪ ಐವತ್ತರ ಆಸುಪಾಸಿನ ಗಟ್ಟಿ ಒಕ್ಕಲಿಗ, ಮಾತು ಕಡಿಮೆ. ಪಡಸಾಲೆಯ ಹಾಸುಗಲ್ಲಿನ ಮೇಲೆ ಜಮಖಾನೆ ಹಾಸಿ ನಮ್ಮನ್ನು ಕೂಡಿಸಿದ. ಮೂಲೆಯಲ್ಲಿ ಅವನ ಮುಪ್ಪಿನ ತಾಯಿ ಮಲ್ಲವ್ವ ಹಳೆಯ ಸೀರೆಯ ತುಂಡುಗಳನ್ನು ಹರವಿಕೊಂಡು ಕೌದಿ ಹೊಲಿಯುತ್ತಿದ್ದಳು. ಮದುವೆಯ ಮಾತು ಸಾವಕಾಶವಾಗಿ ನಡೆಯತಕ್ಕದ್ದು. ಮಳೆಯಿಂದ ಶುರುವಾಗಿ ಬೆಳೆಗೆ ಬಂದು, ಬೆಳೆಯಿಂದ ನೆಂಟರಿಗೆ ದಾಟಿ, ಎಲ್ಲವೂ ಮುಗಿದ ಮೇಲೆ ಹುಡುಗ ಹುಡುಗಿಯ ಸುದ್ದಿಗೆ ಬರಬೇಕು. ಮಳೆಯ ಮಾತು ಮುಗಿಯುವುದರೊಳಗೆ ನಾನು ನೀರು ಕುಡಿಯುವ ನೆವದಿಂದ ಎದ್ದೆ. ಬೆಳೆಯ ಮಾತಿಗೆ ಎತ್ತು ನೋಡಿ ಬರುತ್ತೇನೆಂದು ಎದ್ದೆ. ನೆಂಟರ ಮಾತಿಗೆ ಕಾರಣವನ್ನೇ ಹೇಳದೆ ಎದ್ದು ಬಾಗಿಲಲ್ಲಿ ನಿಂತು ಆಕಾಶ ನೋಡಿದೆ. ನಾಲ್ಕನೆಯ ಸಲ ಏಳುವ ಹೊತ್ತಿಗೆ ಬಸವಂತಪ್ಪ ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನಮ್ಮ ಮನಿ ನೆಲಕ್ಕ ಮುಳ್ಳ ಬಿದ್ದಾವೇನ್ರಿ? ಕಚೇರಿಯವ್ರು, ದೊಡ್ಡವ್ರು, ನಮ್ಮಂಥವರ ಮನ್ಯಾಗ ಕುಂದ್ರಾಕ ಮನಸಿಲ್ಲಂದ್ರ ಒಂದ ಮಾತು ಹೇಳ್ರಿ. ಚಕ್ಕಡಿ ಹೂಡಸ್ತೀನಿ."

ಮಾವ ಗಾಬರಿಯಾಗಿ ಕೈ ಜೋಡಿಸಿದ. "ಹಂಗಲ್ರಿ ಬೀಗ್ರ, ಅವಗ ಸೊಂಟಾ ನೋಯ್ತೈತ್ರಿ."

"ಸೊಂಟಾ ನೋಯುವವ ಯಲಬುರ್ಗಾದಿಂದ ನಡಕೋತ ಬರ್ತಾನೇನ್ರಿ? ಚಕ್ಕಡಿಯವ ಹೇಳ್ಯಾನ ನನಗ."

ನನ್ನ ಸುಳ್ಳು ಅಲ್ಲಿಗೆ ಸಿಕ್ಕಿಬಿತ್ತು. ನಿಜ ಹೇಳೋಣವೆಂದರೆ ಬೀಗರಾಗಲಿರುವವರ ಪಡಸಾಲೆ. ಒಳಬಾಗಿಲ ಹಿಂದೆ ಹೆಂಗಸರು ನಿಂತು ಕೇಳುತ್ತಿದ್ದರು. ಹೇಳದೆ ಹೋದರೆ ಮನೆಯಲ್ಲಿ ಗೌರವ್ವನ ಮುಖ ನೋಡುವುದು ಹೇಗೆ? ಸೊಕ್ಕಿನವನೆಂಬ ಹೆಸರನ್ನಾದರೂ ಹೊತ್ತೇನು, ಆ ಎಲುಬಿನ ಹೆಸರನ್ನು ಹೇಳಲಾರೆನೆಂದು ಒಂದು ಗಳಿಗೆ ನನಗೆ ಅನ್ನಿಸಿದ್ದು ನಿಜ. ಈಗ ಅದನ್ನು ನೆನೆದರೆ ನಾಚಿಕೆಯಾಗುವುದು ಬೇರೆ ಕಾರಣಕ್ಕೆ.

ಆಗ ಮೂಲೆಯಲ್ಲಿ ಮಲ್ಲವ್ವ ಸೂಜಿ ನಿಲ್ಲಿಸಿದಳು.

"ಬಸ್ಯಾ, ಸುಮ್ಮನಿರು. ಸೊಂಟಾ ಅಲ್ಲ ಅದು." ಆಮೇಲೆ ನನ್ನ ಕಡೆಗೆ ತಿರುಗಿದಳು. "ಏ ತಮ್ಮಾ, ಅವಾಗಿಂದ ನೋಡಾಕಹತ್ತೀನಿ. ಕುಂದ್ರೂವಾಗ ಒಂದ ಮಗ್ಗಲಕ್ಕ ವಾಲಿ ಕುಂದ್ರತಿ. ಕೈ ನೆಲಕ್ಕ ಊರ್ತಿ. ಏಳೂವಾಗ ಮಾರಿ ಕಿವಚ್ತಿ. ಕುಂಡಿ ಎಲುವು ನೋಯ್ತೈತಿ, ಹೌದಲ್ಲೋ?"

ಒಳಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ಮಾವ ಮೇಲಿನ ತೊಲೆಯನ್ನು ನೋಡತೊಡಗಿದ.

"ಹೌದ್ರಿ ಯವ್ವಾ," ಎಂದೆ. ಒಂದು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಎರಡು ಶಬ್ದಗಳಲ್ಲಿ ಮುಗಿದುಹೋಯಿತು.

ಬಸವಂತಪ್ಪನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ನಿನಗ ಹೆಂಗ ಗೊತ್ತಾತಬೇ ಇದೆಲ್ಲಾ?"

"ನನಗೂ ಆಗಿತ್ತಲ್ಲಪಾ. ಎರಡ ದಿನಾ ಬ್ಯಾನಿ ತಿಂದು ನಿನ್ನ ಹಡದೆ. ಆಮ್ಯಾಲ ಒಂದ ವರ್ಷಾ ನೆಟ್ಟಗ ಕುಂದ್ರಾಕ ಬರ್ಲಿಲ್ಲ. ಬೀಸಾಕ ಕುಂತ್ರ ಜೀವಾ ಹೋದಂಗ ಆಗೂದು, ಎದ್ದು ಎದ್ದು ನಿಲ್ತಿದ್ದೆ. ನಿಮ್ಮಜ್ಜಿ ಮೈಗಳ್ಳಿ ಅಂದ್ಲು. ನಿಮ್ಮಪ್ಪನೂ ಹೌದಂದ."

"ಅಪ್ಪಗ ಹೇಳಬೇಕಿಲ್ಲೇನು?"

"ಹೇಳೂ ಜಾಗಾ ಏನೋ ಅದು?"

ಆ ಮಾತನ್ನು ಅವಳು ನಗುತ್ತಲೇ ಆಡಿದಳು. ಆದರೆ ಬಸವಂತಪ್ಪ ನಗಲಿಲ್ಲ. ತಾಯಿಯನ್ನು ನೋಡಿದ, ಅವಳು ಕುಳಿತಿದ್ದ ಬರಿಯ ಕಲ್ಲನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಐವತ್ತು ವರ್ಷ ತನ್ನ ಹುಟ್ಟಿನೊಂದಿಗೆ ಅಂಟಿಕೊಂಡಿದ್ದ ಒಂದು ಸಂಗತಿ ಅವನಿಗೆ ಗೊತ್ತಾದದ್ದು ಅಂದು. "ನನಗ ತಿಳೀಲಿಲ್ರಿ," ಎಂದು ಮೆಲ್ಲಗೆ ಹೇಳಿದ. ಅದು ಯಾರಿಗೆ ಹೇಳಿದ್ದೆಂದು ನನಗೆ ಸ್ಪಷ್ಟವಾಗಲಿಲ್ಲ.

ಮಲ್ಲವ್ವ ಅಷ್ಟರಲ್ಲಿ ಕೌದಿಗೆಂದು ಇಟ್ಟುಕೊಂಡಿದ್ದ ಅರಿವೆಯನ್ನು ಹುರಿಮಾಡಿ ಸುತ್ತುತ್ತಿದ್ದಳು. ಹೆಂಗಸರು ಕೊಡ ಹೊರುವಾಗ ತಲೆಯ ಮೇಲಿಟ್ಟುಕೊಳ್ಳುವ ಬಟ್ಟೆಯ ಬಳೆ, ನಮ್ಮಲ್ಲಿ ಸಿಂಬಿ ಎನ್ನುತ್ತೇವೆ, ಅದನ್ನೇ ನಾಲ್ಕು ಪಟ್ಟು ದೊಡ್ಡದು ಮಾಡಿದಂತೆ ಒಂದು ದಪ್ಪ ಸಿಂಬಿ ತಯಾರಾಯಿತು.

"ಇದರ ಮ್ಯಾಲ ಕುಂದ್ರು. ಎಲುವು ನಡುವಿನ ತೂತಿನಾಗ ಬರಬೇಕು, ನೆಲಕ್ಕ ಹತ್ತಬಾರದು. ಹಿಂದಕ್ಕ ಜೋತು ಬೀಳಬ್ಯಾಡ, ಒಂದೀಟ ಮುಂದ ಬಾಗಿರು. ಒಂದ ಹಾಳಿ ಬರದ ಕೂಡ್ಲೆ ಎದ್ದು ನಾಕ ಹೆಜ್ಜಿ ಅಡ್ಡಾಡು. ಸಂಜಿಕ ಉಪ್ಪಿನ ಶಾಖಾ ಕೊಟ್ಕೋ. ಸೊಂಟಕ್ಕಲ್ಲ ಮತ್ತ!"

ಈ ಸಲ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ನಾನು ಸಿಂಬಿಯ ಮೇಲೆ ವಿರಾಜಮಾನನಾದ ಮೇಲೆ ಮದುವೆಯ ಮಾತನ್ನು ಮತ್ತೆ ಮಳೆಯಿಂದ ಆರಂಭಿಸಿದೆವು. ಎರಡು ಸಲ ಎದ್ದು ಅಡ್ಡಾಡಿದೆ. ಎರಡು ಸಲವೂ ಬಸವಂತಪ್ಪ ನನ್ನೊಂದಿಗೆ ಎದ್ದು ಬಾಗಿಲ ತನಕ ಬಂದ. ಹೊತ್ತು ಇಳಿಯುವ ಮುಂಚೆ ಮದುವೆ ಗಟ್ಟಿಯಾಯಿತು.

ಸಿಂಬಿ ನನ್ನೊಂದಿಗೆ ಯಲಬುರ್ಗಾಕ್ಕೆ ಬಂತು, ಕಚೇರಿಗೂ ಬಂತು. ನಮ್ಮ ಮೇಲಿನವರಾದ ಪೇಶಕಾರ ಸಾಹೇಬರು ಕನ್ನಡಕದ ಮೇಲಿನಿಂದ ಅದನ್ನು ನೋಡಿ, "ಏನ್ರೀ ಇದು, ಕಚೇರಿಯಾಗ ನೀರ ಹೊರವರ್ಯಾರು?" ಎಂದರು. ಒಂದು ಸಲ ಹೇಳಿದ ಮಾತನ್ನು ಎರಡನೆಯ ಸಲ ಹೇಳುವುದು ಎಷ್ಟು ಸುಲಭವೆಂದರೆ, ನನ್ನ ಧೈರ್ಯಕ್ಕೆ ನಾನೇ ಬೆರಗಾದೆ. ಅವರು, "ಬೇಕಾದ್ರ ಕಿಟಕಿ ಕಟ್ಟಿ ಮ್ಯಾಲ ಹಾಳಿ ಇಟ್ಟು ನಿಂತು ಬರೀರಿ. ಕೆಲಸಾ ನಿಲ್ಲಬಾರ್ದು ನೋಡ್ರಿ," ಎಂದರು. ಅರ್ಧ ದಿನ ಕುಳಿತು, ಅರ್ಧ ದಿನ ನಿಂತು ಬರೆದೆ. ಮೂರು ತಿಂಗಳಲ್ಲಿ ನೋವು ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಯಾವಾಗ ಹೋಯಿತೆಂದು ಗೊತ್ತಾಗಲಿಲ್ಲ.

ಮುಂದಿನ ವರ್ಷ ಗೌರವ್ವ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಒಂದು ಮುಂಜಾನೆ ಅವಳು ಕೂಸಿಗೆ ಬಿಸಿಲು ಕಾಯಿಸುತ್ತ ಅಂಗಳದಲ್ಲಿ ಕುಳಿತಿದ್ದಳು. ಒಂದು ಮಗ್ಗುಲಿಗೆ ವಾಲಿದ್ದಳು. ಏಳುವಾಗ ಕೈ ನೆಲಕ್ಕೆ ಹೋಯಿತು, ಮುಖ ಕಿವಿಚಿತು. ಅಣ್ಣನಾದವನು ಬಾಣಂತಿ ತಂಗಿಗೆ ಕೇಳುವ ಪ್ರಶ್ನೆಯೇನೂ ಅದಲ್ಲ. ಆದರೂ ಹತ್ತಿರ ಹೋಗಿ, "ಗೌರವ್ವಾ, ಕುಂಡಿ ಎಲುವು ನೋಯ್ತೈತೇನು?" ಎಂದೆ.

ಅವಳು ತಲೆ ತಗ್ಗಿಸಿದಳು. "ಹೌದಣ್ಣಾ. ಅತ್ತಿಗಿಗೆ ಹೇಳಿದ್ದೆ. ಆಕಿ, ನನಗೂ ಐತಿ, ಹಡದ ಮ್ಯಾಲ ಇದೆಲ್ಲಾ ಇರೂದ, ರೂಢಿ ಆಗ್ತೈತಿ ಅಂದ್ಲು."

ನಾನು ಒಳಗೆ ಹೋದೆ. ನೀಲವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಹತ್ತಾರು ವರ್ಷ ದಿನಾ ಕಂಡ ನೋಟ. ಅವಳ ಮೈಭಾರವೆಲ್ಲ ಎಡಗಡೆಗಿತ್ತು.

"ನೀಲವ್ವಾ, ನಿನಗೂ ನೋಯ್ತೈತಂತಲ್ಲ. ಎಂದಿನಿಂದ?"

ರೊಟ್ಟಿಯ ಸಪ್ಪಳ ನಿಂತಿತು. "ಸಂಗ್ಯಾ ಹುಟ್ಟಿದಾಗಿಂದ," ಎಂದಳು. ಸಂಗಪ್ಪ ನಮ್ಮ ಎರಡನೆಯ ಮಗ. ಆಗಲೇ ಸಾಲೆಗೆ ಹೋಗುತ್ತಿದ್ದ.

"ನನಗ್ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ," ಎಂದಳು, ಸಿಟ್ಟಿಲ್ಲದೆ. "ಸರೀರಿ, ರೊಟ್ಟಿ ಕರಕಾಗ್ತೈತಿ."

ನಾನು ಸರಿಯಲಿಲ್ಲ. ಗೂಟಕ್ಕಿದ್ದ ನನ್ನ ಹಳೆಯ ಧೋತರವನ್ನು ತಂದು, ಅವಳ ಪಕ್ಕದಲ್ಲೇ ಕುಳಿತು, ಉದ್ದಕ್ಕೆ ಎರಡು ಭಾಗ ಮಾಡಿ ಹರಿದು, ಒಂದನ್ನು ಹುರಿಮಾಡಿ ಸುತ್ತತೊಡಗಿದೆ. ಸುತ್ತಿದಂತೆಲ್ಲ ಅದು ಬಿಚ್ಚಿಕೊಳ್ಳುತ್ತಿತ್ತು. ಮೂರನೆಯ ಸಲ ಬಿಚ್ಚಿದಾಗ ನೀಲವ್ವ ತವೆಯನ್ನು ಕೆಳಗಿಳಿಸಿ, ಹಿಟ್ಟಿನ ಕೈ ಒರೆಸಿಕೊಂಡು, ನನ್ನ ಕೈಯಿಂದ ಅರಿವೆಯ ತುದಿಯನ್ನು ತೆಗೆದುಕೊಂಡು, "ಹಿಂಗಲ್ರಿ, ಬಿಗಿಯಾಗಿ ಹಿಡೀರಿ," ಎಂದು ತೋರಿಸಿಕೊಟ್ಟಳು.