ಪರದೆಯಾಚೆಯ ಕತ್ತರಿ

ಅಪ್ಪನ ಕ್ಷೌರದಂಗಡಿಯನ್ನು ಈಗ ನಮ್ಮಕ್ಕ ನಡೆಸುತ್ತಾಳೆ. ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕತ್ತರಿ ಮಾತ್ರ ಮೂಕ. ಉಳಿದವರು ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆಗೆ ಹೋಗುವ ನಡುವೆ ಗಾಳಿಯಲ್ಲೇ ಕಿಚಕಿಚ ಅನ್ನಿಸುತ್ತಾರಲ್ಲ, ಅದನ್ನು ಅವಳು ಮಾಡುವುದಿಲ್ಲ.

"ಏನಮ್ಮಾ, ನಿನ್ನ ಕತ್ತರಿ ನಿದ್ದೆ ಹೊಡೀತಿದೆಯಾ?" ಎಂದು ಅರೆಬೋಳು ಮೇಷ್ಟ್ರು ಕಿಚಾಯಿಸುತ್ತಾರೆ.

"ನಿಮ್ಮ ತಲೇಲಿ ಅದಕ್ಕೆ ಕೆಲಸ ಎಲ್ಲಿದೆ ಮೇಷ್ಟ್ರೇ? ನಿದ್ದೆ ಮಾಡದೆ ಇನ್ನೇನ್ ಮಾಡುತ್ತೆ?"

ಅಪ್ಪನ ಕತ್ತರಿ ಹಾಗಿರಲಿಲ್ಲ. ಅಪ್ಪ ಮಾತಿನಲ್ಲಿ ಮಹಾಜಿಪುಣ, ಮುಖ ನೋಡಿದರೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಮನಸ್ಸು ಹಗುರವಾಗಿದ್ದ ದಿನ ಅವನ ಕತ್ತರಿ ಗಾಳಿಯಲ್ಲಿ ಹರಟೆ ಹೊಡೆಯುತ್ತಿತ್ತು. ಸಿಟ್ಟೋ ಚಿಂತೆಯೋ ಇದ್ದರೆ ಕೂದಲಿಗೆ ತಗುಲಿದಾಗಷ್ಟೇ ಸದ್ದು. ಇದನ್ನು ಕಂಡುಹಿಡಿದವಳು ಅಕ್ಕ. ಅಂಗಡಿಗೂ ನಾವಿದ್ದ ಕೋಣೆಗೂ ನಡುವೆ ಒಂದು ಪರದೆ ಅಷ್ಟೇ. ಅದಕ್ಕೆ ಕಿವಿಗೊಟ್ಟು, "ಈಗ ಹೋಗಿ ಚೆಂಡು ಕೇಳು" ಅನ್ನುತ್ತಿದ್ದಳು, ಇಲ್ಲವೇ "ಇವತ್ತು ಬಾಯಿ ಮುಚ್ಕೊಂಡಿರು". ಅಮ್ಮನೂ ಅವಳನ್ನೇ ಕೇಳುತ್ತಿದ್ದಳು: "ನಿಮ್ಮಪ್ಪನ ಕತ್ತರಿ ಏನಂತಿದೆ ಮಗಳೇ?" ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ ಎಂದೇ ನಾವು ತಿಳಿದಿದ್ದೆವು.

ಅಕ್ಕನಿಗೆ ಹತ್ತು, ನನಗೆ ಐದು ವರ್ಷವಿದ್ದಾಗ ಅಮ್ಮ ಆಸ್ಪತ್ರೆ ಸೇರಿದಳು. ಅಪ್ಪ ಬೆಳಿಗ್ಗೆ ಅಲ್ಲಿಗೆ ಹೋಗಿಬಂದು ಅಂಗಡಿ ತೆರೆಯುತ್ತಿದ್ದ. ಹೇಗಿದ್ದಾಳೆ ಎಂದರೆ "ಇದ್ದಾಳೆ" ಅನ್ನುವನು. ಅಮ್ಮ ಮನೆಗೆ ಬರುತ್ತಾಳೋ ಇಲ್ಲವೋ ಎಂಬುದನ್ನೂ ನಾವು ಕತ್ತರಿಯನ್ನೇ ಕೇಳಬೇಕಾಗಿತ್ತು. ಅದು ಬಾಯಿಬಿಡಲಿಲ್ಲ. ಅಕ್ಕನಿಗೆ ಊಟ ಸೇರದಾಯಿತು. ಅವಳ ತಟ್ಟೆಯಲ್ಲಿ ಉಳಿದದ್ದನ್ನು ಅಪ್ಪ ನೋಡುತ್ತಿದ್ದ.

ಒಂದು ದಿನ ಅಪ್ಪ ಆಸ್ಪತ್ರೆಯಿಂದ ಬಂದವನೇ ನಮ್ಮ ಕಡೆ ತಿರುಗಿಯೂ ನೋಡದೆ ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಶುರುವಾಯಿತು: ಕಿಚಕಿಚ, ಕಿಚಕಿಚ. ಅಂಥ ಹರಟೆಯನ್ನು ನಾವು ಕೇಳಿಯೇ ಇರಲಿಲ್ಲ. "ಅಮ್ಮ ಬರ್ತಾಳಾ?" ಎಂದು ನಾನು ಅಕ್ಕನ ತೋಳು ಜಗ್ಗಿದೆ. ಅವಳು ಖುಷಿ ತಡೆಯಲಾರದೆ ಪರದೆ ಸರಿಸಿ ಇಣುಕಿದಳು.

ಅಲ್ಲಿ ಕಂಡದ್ದನ್ನು ಅವಳು ನನಗೆ ಹೇಳಿದ್ದು ಅಪ್ಪನೂ ತೀರಿಕೊಂಡ ಮೇಲೆ. ಬೀದಿಬಾಗಿಲು ಹಾಕಿತ್ತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು, ನಮ್ಮ ಪರದೆಯ ಕಡೆಗೆ ಕೈ ಚಾಚಿ ಕತ್ತರಿ ಆಡಿಸುತ್ತಿದ್ದ. ಮುಖವೆಲ್ಲ ಕಣ್ಣೀರು.

"ನಾನು ಕೇಳಿಸ್ಕೊಳ್ತೀನಿ ಅಂತ ಅವನಿಗೆ ಮೊದಲಿಂದ್ಲೂ ಗೊತ್ತಿತ್ತು ಕಣೋ" ಎಂದಳು ಅಕ್ಕ. "ಅಮ್ಮ ಹೋಗ್ಬಿಟ್ಟಿದ್ಲು. ಹೇಳೋಕೆ ಅವನಿಗೆ ಬಾಯಿ ಬರಲಿಲ್ಲ."

ಆದರೆ ಅವತ್ತು ಅವಳು ಪರದೆ ಇಳಿಬಿಟ್ಟು ನನ್ನ ಕಡೆ ತಿರುಗಿದಳು. ಅಂಗಡಿಗೂ ಕೇಳುವಷ್ಟು ಜೋರಾಗಿ, "ಅಪ್ಪ ಖುಷಿಯಾಗಿದ್ದಾನೆ ಕಣೋ!" ಎಂದಳು. ಆಮೇಲೆ ತಟ್ಟೆ ಸದ್ದು ಮಾಡಿಕೊಂಡು ಊಟಕ್ಕೆ ಕೂತಳು, ಅಪ್ಪನಿಗೆ ಕೇಳಲಿ ಎಂದು.

ನಾನು ಇಬ್ಬರನ್ನೂ ನಂಬಿದೆ. ಹಿಂಬಾಗಿಲಿನಿಂದ ಓಡಿಹೋಗಿ ಅಂಗಡಿಯ ಮುಂದೆಯೇ ನಿಂತು, ಬೀದಿಗೆಲ್ಲ ಡಂಗುರ ಸಾರಿದೆ: "ನಮ್ಮಮ್ಮ ಬರ್ತಾಳೆ! ನಮ್ಮಮ್ಮ ಮನೆಗೆ ಬರ್ತಾಳೆ!"

ಒಳಗೆ ಕತ್ತರಿ ನಿಂತುಹೋಯಿತು. ಆಮೇಲೆ ನಮ್ಮ ಅಂಗಡಿಯಲ್ಲಿ ಯಾರೂ ಅದನ್ನು ಗಾಳಿಯಲ್ಲಿ ಆಡಿಸಿಲ್ಲ.