ಒಂದು ಹಾಜರಿ ಕಡಿಮೆ

ಮೊನ್ನೆ ಅಕ್ಕನ ಮಗಳ ಫ್ರಾಕಿಗೆ ಬಿದ್ದ ಅರಿಶಿನದ ಕಲೆಗೆ ಸೋಪು ತಿಕ್ಕಿದೆ. ಹಳದಿ ಕಲೆ ಕಣ್ಣೆದುರೇ ಕೆಂಪಾಯಿತು. ರಕ್ತ ಅಂತ ಹುಡುಗಿ ಅಳತೊಡಗಿದಳು. ನಾನು ಸಮಾಧಾನ ಮಾಡುವುದನ್ನೂ ಮರೆತೆ... ನಮ್ಮ ಕೆಮಿಸ್ಟ್ರಿ ಸರ್ ನೆನಪಾದರು.

ನಾನು ಗಬ್ಬೂರಿನಿಂದ ದೇವದುರ್ಗಕ್ಕೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಓದಿದವಳು. ಇತಿಹಾಸ ನನ್ನ ಮುಖ್ಯ ವಿಷಯ. ಅದರ ಜೊತೆಗೆ ಪ್ರತಿಯೊಬ್ಬರೂ ತಮ್ಮದಲ್ಲದ ವಿಭಾಗದ ಒಂದು ಪತ್ರಿಕೆ ಪಾಸಾಗಲೇಬೇಕಿತ್ತು. ಸಲೀಸಾಗಿ ಅಂಕ ಬರುತ್ತವೆ ಎಂದು ನಾನು ಅಲ್ಲಿಯೂ ಇತಿಹಾಸವನ್ನೇ ಬರೆದುಕೊಟ್ಟಿದ್ದೆ. ಜಾಣೆ ಅಲ್ಲವೇ ನಾನು! ಕೊನೆಯ ಸೆಮಿಸ್ಟರಿನಲ್ಲಿ ಆಫೀಸಿನ ಗುಮಾಸ್ತರು ಕರೆದು, ಆ ಪತ್ರಿಕೆ ಲೆಕ್ಕಕ್ಕಿಲ್ಲ, ಹೊರಗಿನದೊಂದು ಪಾಸಾಗದಿದ್ದರೆ ಡಿಗ್ರಿಯೇ ಇಲ್ಲ ಎಂದರು. ಡಿಗ್ರಿ ಇಲ್ಲದಿದ್ದರೆ ಬಿ.ಎಡ್. ಇಲ್ಲ. ಬಿ.ಎಡ್. ಇಲ್ಲದಿದ್ದರೆ ಅಪ್ಪ ಕುರ್ಡಿಯಲ್ಲಿ ನೋಡಿಟ್ಟಿದ್ದ ಗಂಡು ತಯಾರಿದ್ದ.

ಆಗ ಉಳಿದಿದ್ದದ್ದು ಕೆಮಿಸ್ಟ್ರಿ ಸರ್ ಪತ್ರಿಕೆ ಒಂದೇ. ಅವರು ಅತಿಥಿ ಉಪನ್ಯಾಸಕರು, ವರ್ಷ ವರ್ಷವೂ ಹೊಸದಾಗಿ ಕರೆ ಬರಬೇಕು. ಮನೆಯಲ್ಲಿ ದಖನಿ ಉರ್ದು ಆಡುವವರು, ನಮಗೆಲ್ಲ ಬೇಟಾ ಎನ್ನುತ್ತಿದ್ದರು. ಅವರ ಕ್ಲಾಸು ಬೆಳಗಿನ ಮೊದಲ ಪೀರಿಯಡ್. ರಾಯಚೂರಿನಿಂದ ಬರುವ ಬಸ್ಸು ತುಂಬಿಕೊಂಡು ಗಬ್ಬೂರಿನಲ್ಲಿ ನಿಲ್ಲದೇ ಹೋಗುತ್ತಿತ್ತು. ಅದೇ ಬಸ್ಸಿನಲ್ಲಿ ಬರುತ್ತಿದ್ದ ಸರ್, ಪಕ್ಕದ ಸೀಟಿಗೆ ತಮ್ಮ ಕರ್ಚೀಫು ಹಾಕಿ, ಗಬ್ಬೂರಿನ ಸೀಟು ಅದ ಎಂದು ಕಂಡಕ್ಟರನ ಹತ್ತಿರ ಜಗಳ ಮಾಡಿ ನಿಲ್ಲಿಸುತ್ತಿದ್ದರು. ಆ ಕರ್ಚೀಫಿನ ತುಂಬ ಆಸಿಡ್ ಸುಟ್ಟ ತೂತುಗಳು. ಆದರೂ ಹತ್ತಿ ಬಿಡಿಸುವ ಕಾಲದಲ್ಲಿ ಅವ್ವನ ಜೊತೆ ಹೊಲಕ್ಕೆ ಹೋಗಿ ಎಷ್ಟೋ ಕ್ಲಾಸು ತಪ್ಪಿಸಿದ್ದೆ.

ಸೆಮಿಸ್ಟರಿನ ಕೊನೆಯ ದಿನ ಎಣಿಸಿದರೆ ಪರೀಕ್ಷೆಗೆ ಕೂರಲು ನನಗೆ ಒಂದು ಹಾಜರಿ ಕಡಿಮೆ. ಮರುದಿನ ಮಧ್ಯಾಹ್ನ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುವುದಿತ್ತು. ಒಂದು ಗೀಟು ಹಾಕಿ ಸರ್ ಎಂದು ಬೇಡಿಕೊಂಡೆ. ಆಗದ ಕ್ಲಾಸಿಗೆ ಹಾಕುವುದಿಲ್ಲ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆಫೀಸಿನಲ್ಲಿ ಎಲ್ಲರೆದುರೇ ಕೇಳಿಬಿಟ್ಟೆ.

"ನಿಮ್ಮ ಸ್ವಂತ ಮಗಳಿದ್ರ ಹಾಕ್ತಿದ್ದಿಲ್ಲೇನ್ರೀ?"

"ಆಕಿಗೂ ಹಾಕ್ತಿದ್ದಿಲ್ಲ ಬೇಟಾ. ನಾಳಿ ಮುಂಜಾನಿ ಬಾ, ಕ್ಲಾಸ್ ತಗೊಂತೀನಿ."

ರಾತ್ರಿಯೆಲ್ಲ ಅವರನ್ನು ಬೈದುಕೊಂಡೇ ಹೊರಳಾಡಿದೆ. ಬೆಳಿಗ್ಗೆ ಬಸ್ಸು ನಿಲ್ಲುತ್ತದೋ ಇಲ್ಲವೋ ಎಂದು ರಸ್ತೆಗೇ ಇಳಿದು ಕೈ ಅಡ್ಡ ಹಿಡಿದೆ. ನಿಂತಿತು. ಸೀಟಿನ ಮೇಲೆ ಕರ್ಚೀಫು ಇತ್ತು.

ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತು. ಕೀಲಿ ಒಪ್ಪಿಸಿಬಿಟ್ಟಿದ್ದೇನೆ ಎಂದು ಸರ್ ವರಾಂಡದ ಕಟ್ಟೆಯ ಮೇಲೆಯೇ ಕೂತರು. ಜೇಬಿನಿಂದ ಅರಿಶಿನದ ಪೊಟ್ಟಣ ತೆಗೆದು, ಅದೇ ಕರ್ಚೀಫಿಗೆ ಹಚ್ಚಿ ಸೋಪು ಸವರಿದರು. ಕೆಂಪಾಯಿತು. ನಿಂಬೆಹಣ್ಣು ಹಿಂಡಿದರು, ಮತ್ತೆ ಹಳದಿ. ಒಬ್ಬಳೇ ವಿದ್ಯಾರ್ಥಿನಿಗೆ ಪೂರ್ತಿ ಒಂದು ತಾಸು ಪಾಠ ಮಾಡಿದರು, ನಡುವೆ ಎರಡು ಪ್ರಶ್ನೆಯನ್ನೂ ಕೇಳಿದರು. ಆಮೇಲೆ ಆಫೀಸಿನಿಂದ ಹಾಜರಿ ಪುಸ್ತಕ ತರಿಸಿ ಗೀಟು ಹಾಕಿದರು. ನೋಡಿದರೆ ತಾರೀಖು ನಿನ್ನೆಯದು. ನಾನು ಬಾಯಿ ತೆರೆಯುವ ಮೊದಲೇ ಮೆಲ್ಲಗೆ ಹೇಳಿದರು.

"ನನ್ನ ನೌಕರಿ ನಿನ್ನೆಗೇ ಮುಗೀತು ಬೇಟಾ. ಇವತ್ತಿಂದು ಹಾಕಾಕ ನನಗ ಹಕ್ಕಿಲ್ಲ. ತಾರೀಖು ಸುಳ್ಳು, ಪಾಠ ಖರೆ."

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಸರ್ ಎಂದು ಆಗಲೇ ಹೇಳಬೇಕಿತ್ತು. ಡಿಗ್ರಿ ಬಂದ ಮೇಲೆ ಪೇಡೆ ತಗೊಂಡು ಹೋಗಿ ಹೇಳಿದರಾಯಿತು ಅಂದುಕೊಂಡೆ.

ಪಾಸಾದೆ. ಬಿ.ಎಡ್. ಮುಗಿಸಿ ಈಗ ಮಾನ್ವಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ನಾನು ಪಾಸಾದ ಮರುವರ್ಷವೇ ಕಾಲೇಜಿನಲ್ಲಿ ಆ ಪತ್ರಿಕೆಯನ್ನೇ ತೆಗೆದರು, ಸರ್‌ಗೆ ಕರೆ ಬರಲಿಲ್ಲ. ರಾಯಚೂರಿನಲ್ಲಿ ಟ್ಯೂಷನ್ ಹೇಳುತ್ತಿದ್ದಾರೆ ಎಂದು ಕೇಳಿದ್ದೆ. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಿರುವಾಗಲೇ ತೀರಿಕೊಂಡ ಸುದ್ದಿ ಬಂತು... ಮಣ್ಣಿಗೂ ಹೋಗಲಾಗಲಿಲ್ಲ.

ಫ್ರಾಕಿಗೆ ನಿಂಬೆಹಣ್ಣು ತಿಕ್ಕಿ ಹಳದಿ ಮಾಡಿ ತೋರಿಸಿದೆ. ಹುಡುಗಿ ಅಳು ನಿಲ್ಲಿಸಿ, ಯಾರು ಕಲಿಸಿದರು ಎಂದು ಕೇಳಿದಳು. ನಮ್ಮ ಸರ್ ಎಂದೆ. ಈಗ ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ, ದಿನಾ ತಾರೀಖು ಬರೆಯುತ್ತೇನೆ. ಆ ಬೆಳಗಿನ ಪಾಠಕ್ಕೆ ನನಗೆ ಹಾಜರಿ ಸಿಕ್ಕಿತು. ಅವರಿಗೆ ಯಾರೂ ಹಾಕಲಿಲ್ಲ.